ಮುಡಿ ತಿಮ್ಮಪ್ಪನದು, ಗಡ್ಡ ಯಾರದು? ಕೊಪ್ಪಳದ ಒಬ್ಬ ಫಿಟ್ಟರ್ ಹುಡುಗನ ಪ್ರಕರಣ

ಇಂಟರ್‌ವ್ಯೂ ನಾಲ್ಕೇ ನಿಮಿಷಕ್ಕೆ ಮುಗಿಯಿತು. ಐಟಿಐ ಸರ್ಟಿಫಿಕೇಟ್ ನೋಡಿದರು. ಗಾಡಿ ಓಡಿಸಲು ಬರುತ್ತಾ ಎಂದು ಕೇಳಿದರು. ಸಂಬಳ 11,000 ಎಂದರು, ಹುಡುಗ ಒಪ್ಪಿದ. ಎಲ್ಲ ಆದ ಮೇಲೆ ಮ್ಯಾನೇಜರ್ ಕೈಯಲ್ಲಿದ್ದ ಪೆನ್ನನ್ನು ಅವನ ತಲೆಯ ಕಡೆ ತೋರಿಸಿ, "ಕಟಿಂಗ್ ಮಾಡಿಸ್ಕೊಂಡು, ಗಡ್ಡ ತೆಗಿಸ್ಕೊಂಡು ಸೋಮವಾರ ಬಾ" ಎಂದರು.

"ಆಗಂಗಿಲ್ರಿ ಸರ್."

"ಯಾಕ?"

ಹುಡುಗ ಸುಮ್ಮನೆ ನಿಂತ. ಮ್ಯಾನೇಜರ್ ಮುಂದಿನವನನ್ನು ಕರೆದರು.

ಇದು 2023ರ ಫೆಬ್ರವರಿಯಲ್ಲಿ ಕೊಪ್ಪಳದ ಒಂದು ಬೈಕ್ ಶೋರೂಮಿನಲ್ಲಿ ನಡೆದದ್ದು. ಕೆಲಸ ಸರ್ವಿಸ್ ಕೌಂಟರಿನದು. ಗಾಡಿ ತಂದವರ ದೂರು ಕೇಳಿ, ಜಾಬ್ ಕಾರ್ಡ್ ಬರೆದು, ಒಳಗಿನ ಮೆಕ್ಯಾನಿಕ್‌ಗೆ ದಾಟಿಸುವುದು. ಹುಡುಗನ ಹೆಸರು, ಶೋರೂಮಿನ ಹೆಸರು, ಮುಂದೆ ಬರುವ ಕಾರ್ಖಾನೆಯ ಹೆಸರು ಯಾವುದನ್ನೂ ನಾನು ಬರೆಯುವುದಿಲ್ಲ. ಎಲ್ಲರೂ ಇಲ್ಲೇ ಇದ್ದಾರೆ, ದಿನಾ ಬಸ್‌ಸ್ಟ್ಯಾಂಡಿನಲ್ಲಿ ಎದುರಾಗುತ್ತಾರೆ.

ನಾನು ಐಟಿಐನಲ್ಲಿ ಫಿಟ್ಟರ್ ಟ್ರೇಡ್ ಕಲಿಸುತ್ತೇನೆ. ಹುಡುಗರಿಗೆ ಕೆಲಸ ನೋಡಿಕೊಡುವ ಜವಾಬ್ದಾರಿಯೂ ನನ್ನ ಮೇಲೇ ಬಿದ್ದಿದೆ. ಈ ಹುಡುಗ ನನ್ನ ಬಳಿ ಎರಡು ವರ್ಷ ಕಲಿತವನು. ಆ ಬ್ಯಾಚಿನಲ್ಲಿ ಅವನ ಹಾಗೆ ಫೈಲಿಂಗ್, ಅಂದರೆ ಅರದಿಂದ ಲೋಹ ಉಜ್ಜುವ ಕೆಲಸ, ಮಾಡುವವರು ಇನ್ನೊಬ್ಬರಿರಲಿಲ್ಲ. ವರ್ನಿಯರ್ ಹಿಡಿದರೆ 0.02 ಮಿಲಿಮೀಟರ್ ಲೆಕ್ಕ ತಪ್ಪುತ್ತಿರಲಿಲ್ಲ. ಮಾತು ಮಾತ್ರ ಕಡಿಮೆ.

ಅವನ ಕೂದಲಿನ ವಿಷಯದಲ್ಲಿ ಮೊದಲು ಎಡವಿದವರು ಆ ಮ್ಯಾನೇಜರ್ ಅಲ್ಲ. ನಾನು.

2022ರ ಬೇಸಿಗೆಯಲ್ಲಿ ಅವನು ಕೂದಲು ಬಿಡಲು ಶುರು ಮಾಡಿದ. ಜೂನ್ ಹೊತ್ತಿಗೆ ಕಿವಿ ಮುಚ್ಚಿತ್ತು. "ಏನೋ, ಸಿನಿಮಾಕ್ಕ ಹೊಂಟೀಯೇನು?" ಎಂದು ಎಲ್ಲರ ಎದುರು ಕೇಳಿದೆ. ಕ್ಲಾಸ್ ನಕ್ಕಿತು, ಅವನೂ ನಕ್ಕ. ಒಂದು ದಿನ ಡ್ರಿಲ್ಲಿಂಗ್ ಮಷೀನ್ ಮುಂದೆ ಬಗ್ಗಿ ನಿಂತಿದ್ದವನನ್ನು ವರ್ಕ್‌ಶಾಪಿನಿಂದ ಹೊರಗೆ ಕಳಿಸಿದೆ. ಕಳಿಸಿದ್ದು ತಪ್ಪಲ್ಲ, ಈಗಲೂ ಕಳಿಸುತ್ತೇನೆ. ಸುಮ್ನೆ ಒಂದು ಲೆಕ್ಕ ಹಾಕಿ. 12 ಮಿಲಿಮೀಟರಿನ ಡ್ರಿಲ್ ಬಿಟ್ ನಿಮಿಷಕ್ಕೆ 300 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 5 ಸುತ್ತು. ಒಂದು ಸುತ್ತಿಗೆ ಹತ್ತಿರ ಹತ್ತಿರ 38 ಮಿಲಿಮೀಟರ್ ಕೂದಲು ಸುತ್ತಿಕೊಳ್ಳುತ್ತದೆ. ಅಂದರೆ ಒಂದೇ ಸೆಕೆಂಡಿಗೆ ಸುಮಾರು 19 ಸೆಂಟಿಮೀಟರ್. ಕೈ ಸ್ವಿಚ್ ಮುಟ್ಟುವ ಮೊದಲೇ ತಲೆ ಮಷೀನಿಗೆ ಬಡಿದಿರುತ್ತದೆ. ಅದೂ ನಿಧಾನದ ವೇಗದಲ್ಲಿ.

ಹೊರಗೆ ಕಳಿಸಿದ್ದು ಸರಿ. ಯಾಕೆ ಬಿಟ್ಟಿದ್ದೀಯ ಎಂದು ಒಂದು ಸಲವೂ ಕೇಳಲಿಲ್ಲವಲ್ಲ, ಅದು ತಪ್ಪು. ಆಗ ಕೇಳಿದ್ದರೆ ಎಂಟು ತಿಂಗಳು ಉಳಿಯುತ್ತಿತ್ತು. ಕೋರ್ಸ್ ಮುಗಿದ ಮೇಲೆ ಅವನು ಒಂದು ಗ್ಯಾರೇಜಿನಲ್ಲಿ ದಿನಗೂಲಿಗೆ ನಟ್ಟು ಬಿಚ್ಚುತ್ತಾ ಕೂತ. ನಾನು ಕಳಿಸಿದ ಎರಡು ಕಡೆ ಇಂಟರ್‌ವ್ಯೂಗೇ ಹೋಗಲಿಲ್ಲ. ಸೋಮಾರಿ ಅಂದುಕೊಂಡೆ. ಶೋರೂಮಿಗೆ ಹೋದದ್ದೂ ನಾನು ಬೈದ ಮೇಲೆಯೇ.

ಭಾಗ್ಯನಗರದ ಮನೆ

ಶೋರೂಮಿನವರು ಫೋನ್ ಮಾಡಿ "ನಿಮ್ಮ ಹುಡುಗನಿಗೆ ಕೆಲಸ ಬೇಕಾಗಿಲ್ಲ ಅನ್ಸುತ್ತೆ ಸರ್" ಅಂದಾಗ ನನಗೆ ಸಿಟ್ಟು ಬಂತು. ಅದೇ ಸಂಜೆ ಅವನ ಮನೆಗೆ ಹೋದೆ. ಮನೆ ಭಾಗ್ಯನಗರದಲ್ಲಿ.

ಹೊರಗಿನವರಿಗೆ ಭಾಗ್ಯನಗರ ಎಂದರೆ ಕೊಪ್ಪಳಕ್ಕೆ ಅಂಟಿಕೊಂಡ ನೇಕಾರರ ಊರು. ಊರೊಳಗೆ ಇನ್ನೊಂದು ದೊಡ್ಡ ದಂಧೆ ಇದೆ, ಕೂದಲಿನದು. ಬೀದಿಯಲ್ಲಿ "ಕೂದ್ಲಾ ಹಾಕ್ತೀರೇನ್ರೀ" ಎಂದು ಕೂಗುತ್ತಾ ಬರುವವರು ಪಿನ್ನು, ಪಾತ್ರೆ ಕೊಟ್ಟು ಒಯ್ಯುತ್ತಾರಲ್ಲ, ಬಾಚಣಿಗೆಗೆ ಬಂದ ಆ ಕೂದಲಿನ ಉಂಡೆಗಳು ಇಂಥ ಕಡೆಗೇ ಬಂದು ಸೇರುವುದು. ಹೆಂಗಸರು ಅವನ್ನು ಎಳೆ ಎಳೆಯಾಗಿ ಬಿಡಿಸುತ್ತಾರೆ. ಆಮೇಲೆ ತೊಳೆದು, ಬಾಚಿ, ಉದ್ದದ ಪ್ರಕಾರ ಕಟ್ಟು ಕಟ್ಟಿ ಹೊರದೇಶಕ್ಕೆ ಕಳಿಸುತ್ತಾರೆ. ಹುಡುಗನ ಅವ್ವನ ಕೆಲಸ ಇದೇ. ನಾನು ಹೋದಾಗ ಕಟ್ಟೆಯ ಮೇಲೆ ಕೂತು, ತೊಡೆಯ ಮೇಲೆ ಕೂದಲಿನ ಗುಡ್ಡೆ ಇಟ್ಟುಕೊಂಡು, ಸೂಜಿಯಿಂದ ಗಂಟು ಬಿಡಿಸುತ್ತಿದ್ದರು.

ನಾನು ವಿಷಯ ತೆಗೆದೆ. ಅವರು ಕೈ ನಿಲ್ಲಿಸಲಿಲ್ಲ.

"ಅದು ದೇವರ ಕೂದ್ಲ ರೀ ಸರ್. ನಮ್ದಲ್ಲ."

ಆಗ ಕಥೆ ಹೊರಗೆ ಬಂತು. ಹುಡುಗನ ಅಪ್ಪ ಎಪಿಎಂಸಿಯಲ್ಲಿ ಹಮಾಲಿ. 2022ರ ಮಾರ್ಚ್‌ನಲ್ಲಿ ಲಾರಿಯಿಂದ ಮೆಕ್ಕೆಜೋಳದ ಚೀಲ ಇಳಿಸುವಾಗ ಕಾಲು ಜಾರಿ ಚೀಲದ ಸಮೇತ ಬಿದ್ದರು. ತೊಡೆಯ ಮೂಳೆ ಮುರಿಯಿತು, ರಾಡ್ ಹಾಕಿದರು. ಗಾಯಕ್ಕೆ ನಂಜಾಗಿ ಇನ್ನೊಂದು ಆಪರೇಷನ್ ಆಯಿತು. ಆ ರಾತ್ರಿ ಆಸ್ಪತ್ರೆಯ ವರಾಂಡದಲ್ಲಿ ಅವ್ವ ಹರಕೆ ಹೊತ್ತರು: ಇವರು ಎದ್ದು ತಮ್ಮ ಕಾಲ ಮೇಲೆ ನಡೆದರೆ ಮೂವರೂ ತಿರುಪತಿಗೆ ಬಂದು ಮಗನ ಮುಡಿ ಕೊಡುತ್ತೇವೆ, ಅಲ್ಲಿಯವರೆಗೆ ಅವನ ತಲೆಗೆ ಕತ್ತರಿ ತಾಗಿಸುವುದಿಲ್ಲ.

ಅಪ್ಪ ಇನ್ನೂ ವಾಕರ್ ಹಿಡಿದು ಒಳಮನೆಯಿಂದ ಕಟ್ಟೆಯವರೆಗೆ ಬರುತ್ತಿದ್ದರು, ಅಷ್ಟೇ. ಅಂದರೆ ಕೂದಲಿಗೆ ಕೊನೆಯ ತಾರೀಖು ಇರಲಿಲ್ಲ. ಶೋರೂಮಿನಲ್ಲಿ ಹುಡುಗ ಬಾಯಿ ಬಿಡದೆ ನಿಂತದ್ದು ಇದಕ್ಕೆ. ಯಾಕೆ ಎಂದರೆ ಹರಕೆ ಹೇಳಬೇಕು, ಎಷ್ಟು ದಿನ ಎಂದರೆ ಅಪ್ಪನ ಕಾಲಿನ ಕಥೆ ಹೇಳಬೇಕು. ಗೊತ್ತಿಲ್ಲದ ಐದು ಜನರ ಎದುರು ಅದನ್ನೆಲ್ಲ ಹೇಳಿ ಕೆಲಸ ಕೇಳುವುದು ಅವನಿಗೆ ಭಿಕ್ಷೆ ಬೇಡಿದ ಹಾಗೆ ಅನಿಸಿತ್ತಂತೆ.

ಅವ್ವನಿಗೆ ಒಂದು ಮಾತು ಕೇಳಿದೆ, ಕೇಳಬಾರದಿತ್ತೇನೋ. "ದಿನಾ ಕೂದಲಿನ ರಾಶಿಯಲ್ಲೇ ಕೂರ್ತೀರಿ, ಸ್ವಲ್ಪ ಕಡಿಮೆ ಆದ್ರೆ ದೇವರು ಬೇಜಾರು ಮಾಡ್ಕೋತಾನಾ?"

"ಕೂದ್ಲದ ಬೆಲಿ ನನಗ ಗೊತ್ತೈತ್ರಿ" ಎಂದರು. "ಬಾಚಣಿಗಿಗೆ ಬಂದಿದ್ದು ಬ್ಯಾರೆ, ಮುಡಿ ಬ್ಯಾರೆ. ಮುಡೀದಾಗ ಬುಡ ಬುಡಕ್ಕ, ತುದಿ ತುದಿಗೆ ಇರ್ತೈತಿ."

ಅವರು ಹೇಳಿದ್ದು ವ್ಯಾಪಾರದ ಸತ್ಯವೂ ಹೌದು. ದೇವಸ್ಥಾನದಲ್ಲಿ ಬೋಳಿಸಿದ ಕೂದಲಿನ ಎಳೆಗಳೆಲ್ಲ ಒಂದೇ ದಿಕ್ಕಿಗಿರುತ್ತವೆ, ಹಾಗಾಗಿ ವಿಗ್ ಮಾಡುವವರು ಅದಕ್ಕೆ ಜಾಸ್ತಿ ದುಡ್ಡು ಕೊಡುತ್ತಾರೆ. ತಿರುಪತಿಯಲ್ಲಿ ಭಕ್ತರ ಮುಡಿ ತೆಗೆಯುವ ಕಲ್ಯಾಣಕಟ್ಟೆಯ ಕೂದಲನ್ನು ಇ-ಹರಾಜಿನಲ್ಲಿ ಮಾರುತ್ತಾರೆ. ಉಂಡೆಗಟ್ಟಿದ ಕೂದಲಿನಲ್ಲಿ ಬುಡ ತುದಿ ಎಲ್ಲ ಕಲಸಿಹೋಗಿರುತ್ತದೆ, ಅದನ್ನು ಸರಿ ಮಾಡುವ ಕೂಲಿಯೇ ಭಾಗ್ಯನಗರದ ಅನ್ನ.

ನಿಯಮ ಎಲ್ಲಿ ಬರೆದಿದೆ?

ಮರುದಿನ ಶೋರೂಮಿಗೆ ನಾನೇ ಹೋದೆ. ಜಗಳಕ್ಕಲ್ಲ. ಪ್ರತಿ ವರ್ಷ ಇಬ್ಬರು ಮೂವರು ಹುಡುಗರನ್ನು ತೆಗೆದುಕೊಳ್ಳುವ ಜಾಗ ಅದು, ಕೆಡಿಸಿಕೊಳ್ಳುವ ಹಾಗಿರಲಿಲ್ಲ. ಕೂದಲಿನ ಬಗ್ಗೆ ನಿಮ್ಮ ನಿಯಮ ಬರಹದಲ್ಲಿದೆಯಾ, ಇದ್ದರೆ ಉಳಿದ ಹುಡುಗರಿಗೂ ಹೇಳಿ ಕಳಿಸುತ್ತೇನೆ ಎಂದೆ. ಮ್ಯಾನೇಜರ್ ಕಂಪನಿಯಿಂದ ಬಂದ ದಪ್ಪ ಪುಸ್ತಕ ತೆಗೆದರು. ಇಬ್ಬರೂ ಸೇರಿ ಹುಡುಕಿದೆವು. ಯೂನಿಫಾರ್ಮ್ ಬಣ್ಣ, ಶೂ, ಹೆಸರಿನ ಪಟ್ಟಿ ಎಲ್ಲ ಇತ್ತು. ಕೂದಲಿನ ಬಗ್ಗೆ ಇದ್ದದ್ದು ಒಂದೇ ಮಾತು: ನೀಟಾಗಿರಬೇಕು.

"ನೀಟ್ ಅಂದ್ರೆ ಕಟಿಂಗ್ ಅಂತಾನೇ ಅಲ್ವಾ ಸರ್?" ಎಂದರು ಅವರು. ಕುಹಕವಲ್ಲ, ನಿಜವಾಗಿ ಹಾಗೇ ನಂಬಿದ್ದರು. ಅವರ ಟೇಬಲ್ಲಿನ ಪಕ್ಕದ ಕ್ಯಾಶ್ ಕೌಂಟರಿನಲ್ಲಿ ಸೊಂಟದವರೆಗೆ ಜಡೆ ಹಾಕಿಕೊಂಡ ಹುಡುಗಿ ಬಿಲ್ ಮಾಡುತ್ತಿದ್ದಳು.

ಇದನ್ನು ನಾನು ನಮ್ಮ ಐಟಿಐನಲ್ಲೂ ನೋಡಿದ್ದೇನೆ. ಎಲೆಕ್ಟ್ರಿಷಿಯನ್ ಟ್ರೇಡಿಗೆ ಸೇರುವ ಹುಡುಗಿಯರಿಗೆ "ಜಡೆ ಮೇಲೆ ಕಟ್ಟು, ಕ್ಯಾಪ್ ಹಾಕು" ಅನ್ನುತ್ತೇವೆ. ಅಷ್ಟೇ ಉದ್ದದ ಕೂದಲಿನ ಹುಡುಗನಿಗೆ "ಕತ್ತರಿಸು" ಅನ್ನುತ್ತೇವೆ. ಮಷೀನಿಗೆ ಇಬ್ಬರ ಕೂದಲೂ ಒಂದೇ. ಹಾಗಾದರೆ ಕತ್ತರಿಸು ಅನ್ನುವಾಗ ನಾವು ಹೇಳುತ್ತಿರುವುದು ಸುರಕ್ಷತೆಯ ಮಾತಲ್ಲ, ರೂಢಿಯ ಮಾತು. ಕ್ರಾಪ್ ಮಾಡಿಸಿಕೊಂಡ ಹುಡುಗಿಗೆ "ಯಾಕವ್ವ ಹಿಂಗ್ ಮಾಡ್ಸೀ" ಎಂದು ಕೇಳುವುದೂ ಅದೇ ರೂಢಿ.

ಕಾನೂನು ಏನಾದರೂ ಕೈ ಹಿಡಿಯುತ್ತಾ ಎಂದು ಪರಿಚಯದ ವಕೀಲರೊಬ್ಬರ ಹತ್ತಿರ ಕೂತೆ. ಅವರು ನನ್ನ ಉತ್ಸಾಹಕ್ಕೆ ನೀರು ಹಾಕಿದರು. ಸಂವಿಧಾನದ 16ನೇ ವಿಧಿ ಸರ್ಕಾರಿ ಕೆಲಸಕ್ಕೆ. ಧರ್ಮದ ಸ್ವಾತಂತ್ರ್ಯ ಹೇಳುವ 25ನೇ ವಿಧಿಯನ್ನು ಹಿಡಿದು ಒಂದು ಖಾಸಗಿ ಶೋರೂಮನ್ನು ನೇರವಾಗಿ ಪ್ರಶ್ನಿಸುವುದು ಕಷ್ಟ. ಕೆಲಸಕ್ಕೆ ಇನ್ನೂ ಸೇರದವನಿಗಂತೂ ಇನ್ನೂ ಕಷ್ಟ. ಸರ್ಕಾರವೇ ಮಾಲೀಕನಾಗಿದ್ದರೂ ದಾರಿ ಸಲೀಸಲ್ಲ. ವಾಯುಪಡೆಯ ಒಬ್ಬರು ಗಡ್ಡ ಬಿಡಲು ಅನುಮತಿ ಬೇಕೆಂದು ಸುಪ್ರೀಂ ಕೋರ್ಟಿಗೆ ಹೋಗಿದ್ದರು, 2016ರ ಡಿಸೆಂಬರಿನಲ್ಲಿ ತೀರ್ಪು ಅವರ ವಿರುದ್ಧ ಬಂತು. ಅಲ್ಲಿನ 1964ರ ನಿಯಮಗಳಲ್ಲಿ 425ನೆಯದು ಹೇಳುವುದು ಹೀಗೆ: ಕೂದಲು ಕತ್ತರಿಸುವುದನ್ನು, ಮುಖ ಬೋಳಿಸುವುದನ್ನು ಧರ್ಮವೇ ನಿಷೇಧಿಸಿದ್ದರೆ ಮಾತ್ರ ವಿನಾಯಿತಿ. ಬೀದರಿನ ಗುರುನಾನಕ್ ಝೀರಾದಲ್ಲಿ ನಾವು ನೋಡುವ ಸಿಖ್ಖರಿಗೆ ಆ ಬಾಗಿಲು ತೆರೆದಿದೆ. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಕೂಡ ಪೇಟ ಕಟ್ಟಿದ ಸಿಖ್ಖರಿಗೆ ಹೆಲ್ಮೆಟ್ ಬಿಟ್ಟುಕೊಟ್ಟಿದೆ. ಆ ಅಳತೆಗೋಲು ಹಿಡಿದರೆ ನಮ್ಮ ಹುಡುಗನ ಹರಕೆ ನಿಲ್ಲುವುದಿಲ್ಲ. ಅದು ಧರ್ಮದ ಕಟ್ಟಳೆಯಲ್ಲ, ಒಂದು ಮನೆಯವರು ದೇವರಿಗೆ ಕೊಟ್ಟ ಮಾತು.

ಒಂದು ಸಂದರ್ಭ ಬೇರೆ ಎಂದು ಅವರೇ ಸೇರಿಸಿದರು. ಉದ್ದ ಕೂದಲು ಒಬ್ಬರ ಲಿಂಗ ಗುರುತಿನ ಭಾಗವಾಗಿದ್ದರೆ, 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆ ಕಾಯ್ದೆ ಖಾಸಗಿಯವರಿಗೂ ಅನ್ವಯಿಸುತ್ತದೆ. ನೇಮಕದಲ್ಲಿ ತಾರತಮ್ಯ ಮಾಡುವ ಹಾಗಿಲ್ಲ. ಜೋಗಪ್ಪಂದಿರು ಇರುವ ನಮ್ಮ ಸೀಮೆಗೆ ಇದು ದೂರದ ಮಾತಲ್ಲ. ಬಳ್ಳಾರಿ ಜಿಲ್ಲೆಯಲ್ಲೇ ಹುಟ್ಟಿದ ಟ್ರಾನ್ಸ್‌ಜೆಂಡರ್ ಕಲಾವಿದೆ ಮಂಜಮ್ಮ ಜೋಗತಿಯವರು ಪದ್ಮಶ್ರೀ ತೆಗೆದುಕೊಂಡಿದ್ದು 2021ರಲ್ಲಿ. ಆದರೆ ಈ ಹುಡುಗನದು ಆ ಪ್ರಕರಣವಲ್ಲ.

ಹೀಗೆ ಶೋರೂಮಿನ ಬಾಗಿಲು ಮುಚ್ಚಿತು. ಮ್ಯಾನೇಜರಿಗೆ ಹರಕೆಯ ವಿಷಯ ಹೇಳಿದಾಗ, "ಅಯ್ಯೋ, ಮೊದಲೇ ಹೇಳಿದ್ರೆ ಟೋಪಿ ಹಾಕಿಸ್ತಿದ್ದೆ. ನಮ್ಮ ಮನೆದೇವ್ರೂ ತಿಮ್ಮಪ್ಪನೇ" ಎಂದರು. ಅಷ್ಟರಲ್ಲಿ ಬೇರೆಯವನನ್ನು ತೆಗೆದುಕೊಂಡಾಗಿತ್ತು. ಇದನ್ನು ಕೇಳಿ ನನಗೆ ಸಮಾಧಾನವೇನೂ ಆಗಲಿಲ್ಲ. ಹರಕೆಯ ಬದಲು ಅವನಿಗೆ ಸುಮ್ನೆ ಉದ್ದ ಕೂದಲು ಇಷ್ಟ ಅಂತಿದ್ದರೆ? ಆಗ ಟೋಪಿ ಸಿಗುತ್ತಿರಲಿಲ್ಲ. ದೇವರ ಹೆಸರಿಗೆ ಸಡಿಲಾಗುವ ನಿಯಮ ಮೊದಲಿಗೇ ಅಷ್ಟು ಗಟ್ಟಿ ಇರಲಿಲ್ಲ ಅಂತಲ್ಲವಾ?

ಸೇಫ್ಟಿ ಆಫೀಸರ್ ಮತ್ತು ಅಂಗೈ

ಏಪ್ರಿಲಿನಲ್ಲಿ ಗಿಣಿಗೇರಾ ಕಡೆಯ, ಅದಿರಿನಿಂದ ಕಬ್ಬಿಣ ತೆಗೆಯುವ ಒಂದು ಸ್ಪಾಂಜ್ ಐರನ್ ಕಾರ್ಖಾನೆ ಅಪ್ರೆಂಟಿಸ್‌ಗಳನ್ನು ಕೇಳಿತು. ಅಪ್ರೆಂಟಿಸ್‌ಗೆ ಸಿಗುವುದು ಸಂಬಳವಲ್ಲ, ಸ್ಟೈಪೆಂಡ್. ಶೋರೂಮಿಗಿಂತ ಕಡಿಮೆ. ಆದರೆ ಒಂದು ವರ್ಷದ ಸರ್ಟಿಫಿಕೇಟ್ ಕೈಗೆ ಬಂದರೆ ಫಿಟ್ಟರ್‌ಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯವರೆಗೂ ದಾರಿ ತೆರೆಯುತ್ತದೆ. ಹುಡುಗ ಹೂಂ ಎಂದ.

ಈ ಸಲ ಇಂಟರ್‌ವ್ಯೂಗೆ ಮೊದಲೇ ನಾನು ಫೋನ್ ಮಾಡಿದೆ. ಎಚ್‌ಆರ್‌ಗಲ್ಲ, ಸೇಫ್ಟಿ ಆಫೀಸರಿಗೆ. ಕಾರ್ಖಾನೆಯಲ್ಲಿ ಕೂದಲಿನ ಬಗ್ಗೆ ಕಾರಣ ಸಮೇತ ಮಾತಾಡುವವರು ಅವರೊಬ್ಬರೇ ಎಂಬುದು ನನ್ನ ಅನುಭವ. ಎಚ್‌ಆರ್ "ಪಾಲಿಸಿ" ಎನ್ನುತ್ತದೆ. ಸೇಫ್ಟಿಯವರು ಯಾವ ಮಷೀನು, ಯಾವ ಮಾಸ್ಕು ಎಂದು ಹೇಳುತ್ತಾರೆ. "ಕರ್ಕೊಂಡು ಬನ್ನಿ, ನೋಡೋಣ" ಎಂದರು.

ಅವರ ರೂಮಿನಲ್ಲಿ ಕಳೆದ ಮುಕ್ಕಾಲು ಗಂಟೆ ಈ ಇಡೀ ಪ್ರಕರಣದಲ್ಲಿ ನನಗೆ ಹೆಚ್ಚು ಕಲಿಸಿದ್ದು.

ಮೊದಲು ಹೆಲ್ಮೆಟ್ ಕೊಟ್ಟರು. ಹುಡುಗ ಕೂದಲನ್ನು ನೆತ್ತಿಯ ಮೇಲೆ ಗಂಟು ಕಟ್ಟಿಕೊಂಡಿದ್ದ. ಹೆಲ್ಮೆಟ್ ಮೇಲಕ್ಕೆ ಎದ್ದು ನಿಂತಿತು. ಆಫೀಸರ್ ಅದನ್ನು ತೆಗೆದು ತಿರುಗಿಸಿ ಒಳಗಿನ ಪಟ್ಟಿಗಳನ್ನು ತೋರಿಸಿದರು. ತಲೆ ಕೂರುವುದು ಆ ಪಟ್ಟಿಗಳ ಮೇಲೆ, ಮೇಲಿನ ಚಿಪ್ಪಿಗೂ ತಲೆಗೂ ನಡುವೆ ಜಾಗ ಇರಬೇಕು. ಮೇಲಿಂದ ಬೋಲ್ಟ್ ಬಿದ್ದರೆ ಪೆಟ್ಟನ್ನು ತಿನ್ನುವುದು ಆ ಖಾಲಿ ಜಾಗ ಮತ್ತು ಪಟ್ಟಿಗಳು. ಅಲ್ಲಿ ಕೂದಲಿನ ಗಂಟು ತುರುಕಿದರೆ ಹೆಲ್ಮೆಟ್ ಇದ್ದೂ ಇಲ್ಲದ ಹಾಗೆ. "ಗಂಟು ಕೆಳಗೆ, ಕುತ್ತಿಗೆ ಮೇಲೆ ಕಟ್ಟು" ಎಂದರು. ಕಟ್ಟಿದ. ಹೆಲ್ಮೆಟ್ ಸರಿಯಾಗಿ ಕೂತಿತು. ಕ್ಲಿಪ್, ಪಿನ್ನು ಬೇಡ, ಪೆಟ್ಟು ಬಿದ್ದರೆ ತಲೆಗೇ ಚುಚ್ಚುತ್ತದೆ. ಮೇಲೆ ಬಿಗಿಯಾದ ಬಟ್ಟೆಯ ಕ್ಯಾಪ್ ಬೇಕು, ಅದೂ ಕಾಟನ್ನೇ. ನೈಲಾನ್ ನೆಟ್ ಬಿಸಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಕಲ್ಲಿದ್ದಲಿನ ಜೊತೆ ಅದಿರನ್ನು ಸುಮಾರು 1,000 ಡಿಗ್ರಿಯಲ್ಲಿ ಕಾಯಿಸುವ ಕಿಲ್ನ್ ಎಂಬ ಕುಲುಮೆಯ ಪಕ್ಕದಲ್ಲಿ ಕೆಲಸ, ನೆನಪಿರಲಿ ಎಂದರು.

1948ರ ಕಾರ್ಖಾನೆ ಕಾಯ್ದೆ ಆಗ ಜಾರಿಯಲ್ಲಿತ್ತು. ಅದರ 22ನೇ ಸೆಕ್ಷನ್ ತಿರುಗುತ್ತಿರುವ ಮಷೀನನ್ನು ಪರೀಕ್ಷಿಸುವವರಿಗೆ, ಎಣ್ಣೆ ಹಾಕುವವರಿಗೆ ಮೈಗಂಟುವ ಬಟ್ಟೆ ಬೇಕು ಎನ್ನುತ್ತಿತ್ತು. 1961ರ ಅಪ್ರೆಂಟಿಸ್ ಕಾಯ್ದೆಯ 14ನೇ ಸೆಕ್ಷನ್ ಆ ಸುರಕ್ಷತೆಯ ಅಧ್ಯಾಯವನ್ನು ಅಪ್ರೆಂಟಿಸ್‌ಗಳಿಗೂ ಹಚ್ಚುತ್ತಿತ್ತು. "ಸಡಿಲ ಇರಬಾರದು ಅನ್ನೋದು ನನ್ನ ಚಿಂತೆ. ಉದ್ದ ಎಷ್ಟಿದೆ ಅನ್ನೋದು ನನಗೆ ಬೇಕಿಲ್ಲ" ಎಂದರು ಆಫೀಸರ್. ಇಷ್ಟು ತಿಂಗಳಲ್ಲಿ ಈ ಮಾತನ್ನು ಹುಡುಗನಿಗೆ ಮೊದಲ ಸಲ ಯಾರೋ ಹೇಳಿದ್ದು. ಅವನ ಗುರು ಎನಿಸಿಕೊಂಡ ನಾನು ಹೇಳಿರಲಿಲ್ಲ.

ಅವನ ಮುಖ ಅರಳಿತ್ತು. ಆಗ ಅವರು ರಬ್ಬರಿನ ಮಾಸ್ಕ್ ತೆಗೆದರು.

"ಹಾಕು. ಪಟ್ಟಿ ಬಿಗಿ. ಈಗ ಎರಡೂ ಫಿಲ್ಟರ್ ಮೇಲೆ ಅಂಗೈ ಮುಚ್ಚಿ ಉಸಿರು ಎಳ್ಕೋ."

ಮಾಸ್ಕ್ ಸರಿಯಾಗಿ ಕೂತಿದ್ದರೆ ಒಳಗೆ ಗಾಳಿ ಬರಬಾರದು, ರಬ್ಬರ್ ಮುಖಕ್ಕೆ ಹೀರಿಕೊಳ್ಳಬೇಕು. ಹುಡುಗ ಎಳೆದುಕೊಂಡ. ಕೆನ್ನೆಯ ಪಕ್ಕದಿಂದ ಸುಯ್ ಎಂದು ಗಾಳಿ ಹೋಗುವುದು ನನಗೂ ಕೇಳಿಸಿತು. ಪಟ್ಟಿ ಇನ್ನೂ ಬಿಗಿ ಮಾಡಿದರು. ಮತ್ತೆ ಸುಯ್. ನಂತರ ಆಫೀಸರ್ ತಮ್ಮ ನುಣ್ಣಗಿನ ಮುಖಕ್ಕೆ ಹಾಕಿ ತೋರಿಸಿದರು. ರಬ್ಬರ್ ಗಪ್ಪೆಂದು ಅಂಟಿತು.

ಗಡ್ಡದ ಒಂದೊಂದು ಎಳೆಯೂ ರಬ್ಬರಿಗೂ ಚರ್ಮಕ್ಕೂ ನಡುವೆ ಒಂದು ಸಣ್ಣ ಕಾಲುವೆ. ಎರಡು ದಿನದ ಕುರುಚಲು ಗಡ್ಡವೂ ಸಾಕು ಸೋರಲು. ಧೂಳಿಗಿಂತ ದೊಡ್ಡ ಭಯ ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಸಾದಾ ಫಿಲ್ಟರ್ ಅದನ್ನು ತಡೆಯುವುದೂ ಇಲ್ಲ. ಸೋರಿದಾಗ ಗಾಳಿಯ ಸಿಲಿಂಡರ್ ಇರುವ ಪೂರ್ತಿ ಮುಖದ ಮಾಸ್ಕ್ ಹಾಕಿಕೊಂಡು ಒಳಗೆ ಹೋಗಬೇಕು. ಅದಕ್ಕೂ ಬೋಳಿಸಿದ ಮುಖವೇ ಬೇಕು. "ಕೂದಲು ಬಿಡು, ಗಡ್ಡ ಬಿಡಲ್ಲ. ಇದರಲ್ಲಿ ನಾನು ದೇವರ ಮಾತೂ ಕೇಳಲ್ಲ" ಎಂದರು.

ಹುಡುಗ ಮತ್ತೆ ಮೌನ. ದಾರಿಯುದ್ದಕ್ಕೂ ಬೈಕಿನ ಹಿಂದೆ ಕೂತು ಒಂದು ಮಾತೂ ಆಡಲಿಲ್ಲ.

ಅವ್ವನಿಗೆ ಬಂದ ನಗು

ಕಟ್ಟೆಯ ಮೇಲೆ ಅದೇ ಕೂದಲಿನ ಗುಡ್ಡೆ. ನಾನು ತಡೆದು ತಡೆದು ಹೇಳಿದೆ. ಮುಡಿಗೆ ಅಡ್ಡಿಯಿಲ್ಲವಂತೆ, ಆದರೆ ಗಡ್ಡ ತೆಗೆಯಲೇಬೇಕಂತೆ. ದೇವರಿಗೆ ತಪ್ಪು ಕಾಣಿಕೆ ಏನಾದರೂ ಕಟ್ಟಿಟ್ಟು ಮುಂದುವರಿಯಬಹುದಾ?

ಅವ್ವ ಸೂಜಿ ಕೆಳಗಿಟ್ಟು ಮಗನನ್ನು ನೋಡಿದರು. "ಗಡ್ಡ ನಾ ಎಲ್ಲಿ ಬೇಡ್ಕೊಂಡೇನಿ?"

"ಮತ್ತ ಹರಕಿ ಅಂದ್ರ ಎಲ್ಲಾರೂ ಗಡ್ಡಾನೂ ಬಿಡ್ತಾರಲ್ಲವ್ವ?"

"ಎಲ್ಲಾರೂ ಬಿಡ್ತಾರ ಅಂತ ನೀ ಬಿಟ್ಟಿ. ನಾ ಹೇಳಿದ್ದು ಮುಡಿ. ಮುಡಿ ತಿಮ್ಮಪ್ಪಂದು. ಗಡ್ಡ ಯಾರ್ದೋ ನನಗೇನ್ ಗೊತ್ತು!" ಎಂದು ನಕ್ಕರು. ಒಳಗಿನಿಂದ ಅಪ್ಪನೂ ನಕ್ಕಿದ್ದು ಕೇಳಿಸಿತು.

ನಾನು ಶೋರೂಮಿನ ದಪ್ಪ ಪುಸ್ತಕ ನೆನೆಸಿಕೊಂಡೆ. ಅಲ್ಲಿ ನೀಟ್ ಎಂದು ಬರೆದದ್ದನ್ನು ಮ್ಯಾನೇಜರ್ ಕಟಿಂಗ್ ಎಂದು ಓದಿದ್ದರು. ಇಲ್ಲಿ ಮುಡಿ ಎಂದು ಬೇಡಿಕೊಂಡದ್ದನ್ನು ಹುಡುಗ ಗಡ್ಡದವರೆಗೆ ಎಳೆದಿದ್ದ. ಒಂದು ವರ್ಷ ಕೆನ್ನೆ ತುರಿಸಿಕೊಂಡು ತಿರುಗಿದವನು ಆ ಸಂಜೆಯೇ ಸಲೂನಿಗೆ ಹೋದ. ಅವ್ವ ಹಳೆಯ ಕಾಟನ್ ಪಂಚೆ ಹರಿದು ಎರಡು ಕ್ಯಾಪ್ ಹೊಲಿದರು. ಕುತ್ತಿಗೆಯ ಮೇಲೆ ಬಿಚ್ಚದ ಹಾಗೆ ಗಂಟು ಹಾಕುವುದನ್ನು ಅವರಿಗಿಂತ ಚೆನ್ನಾಗಿ ಯಾರು ಕಲಿಸಬೇಕು?

ಇಂಟರ್‌ವ್ಯೂಗೆ ಒಂದು ವಾಕ್ಯ ಮಾತ್ರ ಅಭ್ಯಾಸ ಮಾಡಿಸಿದೆ. ಅವರು ಕೇಳುವ ಮೊದಲೇ ಹೇಳಬೇಕು, ಗೋಗರೆಯಬಾರದು: "ಸರ್, ಮನೆಯ ಹರಕೆ ಇದೆ, ಕೂದಲು ಕತ್ತರಿಸುವ ಹಾಗಿಲ್ಲ. ಸೇಫ್ಟಿ ಸರ್ ಹತ್ತಿರ ಹೆಲ್ಮೆಟ್, ಮಾಸ್ಕ್ ಹಾಕಿ ತೋರಿಸಿದ್ದೇನೆ." ಅಪ್ಪನ ಕಾಲಿನ ಕಥೆ ಬೇಕಿಲ್ಲ. ಅವನು ಹಾಗೇ ಹೇಳಿದ. ಎಚ್‌ಆರ್‌ನವರು ಸೇಫ್ಟಿಗೆ ಫೋನ್ ಹಚ್ಚಿದರು, ಒಂದು ನಿಮಿಷ ಮಾತಾಡಿದರು, ಮುಂದಿನ ಪ್ರಶ್ನೆಗೆ ಹೋದರು. ಆ ಪ್ರಶ್ನೆ ಬೇರಿಂಗ್ ಬಿಚ್ಚುವ ಪುಲ್ಲರ್ ಬಗ್ಗೆ. ಅಲ್ಲಿಂದ ಅವನನ್ನು ಹಿಡಿಯುವವರಿರಲಿಲ್ಲ.

ನಾನು ಮಾಡಿದ ಎರಡನೇ ತಪ್ಪು ಜೂನಿನಲ್ಲಿ ಗೊತ್ತಾಯಿತು. ಸೇರುವ ದಿನ ಗೇಟಿನ ಗಾರ್ಡ್ ಅವನನ್ನು ಒಳಗೆ ಬಿಡಲಿಲ್ಲ. ಗಾರ್ಡ್‌ಗಳು ಹೊರಗಿನ ಏಜೆನ್ಸಿಯವರು, ಅವರಿಗೆ ಕೊಟ್ಟ ಪಟ್ಟಿಯಲ್ಲಿ "ಉದ್ದ ಕೂದಲು, ಗಡ್ಡ ಇದ್ದರೆ ವಾಪಸ್" ಎಂದಿತ್ತು. ಸೇಫ್ಟಿ ಆಫೀಸರ್ ಅಂದು ರಜೆ. ಎಲ್ಲ ಬಾಯಿ ಮಾತಿನಲ್ಲಿ ಆಗಿತ್ತು, ಕಾಗದ ಒಂದೂ ಇರಲಿಲ್ಲ. ಹುಡುಗ ಬೇವಿನ ಮರದ ಕೆಳಗೆ ಮಧ್ಯಾಹ್ನದವರೆಗೆ ಕೂತು ಮನೆಗೆ ಬಂದ. ಮೊದಲ ದಿನದ ಹಾಜರಿ ಹೋಯಿತು. ಒಪ್ಪಿಕೊಂಡ ದಿನವೇ ಎರಡು ಸಾಲಿನ ಇಮೇಲ್ ಹಾಕಿಸಿಕೊಳ್ಳಬೇಕಿತ್ತು. ಈಗ ಪ್ರತಿ ಹುಡುಗನ ವಿಷಯದಲ್ಲೂ ಹಾಗೇ ಮಾಡುತ್ತೇನೆ.

ಮರುದಿನ ಆಫೀಸರ್ ಒಂದು ಚೀಟಿ ಬರೆದು ಸೀಲ್ ಹಾಕಿಕೊಟ್ಟರು. ಹುಡುಗ ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಪಾಕೀಟಿನಲ್ಲಿ ಇಟ್ಟುಕೊಂಡ. ಶಿಫ್ಟಿನವರು ಒಂದು ವಾರ "ಸ್ವಾಮಿ" ಎಂದು ಕರೆದರು. ಕನ್ವೇಯರಿನ ಗೇರ್‌ಬಾಕ್ಸ್ ಒಂದನ್ನು ಅವನೇ ಬಿಚ್ಚಿ ಜೋಡಿಸಿದ ಮೇಲೆ ಹೆಸರು ಹಿಡಿದು ಕರೆಯತೊಡಗಿದರು.

ಅಪ್ಪ ವಾಕರ್ ಬಿಟ್ಟು ಕೋಲಿಗೆ ಬಂದದ್ದು ದಸರೆಗೆ. ದೀಪಾವಳಿ ಕಳೆದ ಮೇಲೆ ಮೂವರೂ ಹರಿಪ್ರಿಯ ಎಕ್ಸ್‌ಪ್ರೆಸ್ ಹತ್ತಿದರು. ಕೊಪ್ಪಳದಲ್ಲಿ ರಾತ್ರಿ ಹತ್ತಿದರೆ ಬೆಳಿಗ್ಗೆ ತಿರುಪತಿ. ಕಲ್ಯಾಣಕಟ್ಟೆಯಲ್ಲಿ ಮುಡಿ ಕೊಡಲು ದುಡ್ಡಿಲ್ಲ. ಬ್ಲೇಡ್ ಹಾಕುವ ಮುಂಚೆ ಅವ್ವ ಕೂದಲನ್ನು ಗೇಣು ಹಾಕಿ ಅಳೆದರಂತೆ. ಒಂದೂವರೆ ಗೇಣು. "ಒಳ್ಳೇ ಮಾಲು" ಎಂದರಂತೆ.

ಸೋಮವಾರ ಬೆಳಿಗ್ಗೆ ಆರಕ್ಕೆ ನನ್ನ ಫೋನ್ ಹೊಡೆದುಕೊಂಡಿತು.

"ಸರ್, ಮತ್ತ ಗೇಟಿನ್ಯಾಗ ನಿಲ್ಲಿಸ್ಯಾರ್ರಿ."

ಐಡಿ ಕಾರ್ಡಿನ ಫೋಟೋದಲ್ಲಿ ಕಿವಿಯ ಹಿಂದೆ ಕೂದಲು ಕಟ್ಟಿದ ಹುಡುಗ, ಎದುರಿಗೆ ನುಣ್ಣಗೆ ಬೋಳಿಸಿದ ತಲೆ. ಗಾರ್ಡ್ ಹೊಸಬ. ಹುಡುಗ ಪಾಕೀಟಿನಿಂದ ಆಫೀಸರ್ ಚೀಟಿ ತೆಗೆದು ಕೊಟ್ಟ. ಗಾರ್ಡ್ ಅದನ್ನು ಎರಡು ಸಲ ಓದಿದ್ದು, ಆಮೇಲೆ ಅಂದದ್ದು ಫೋನಿನಲ್ಲೇ ನನಗೆ ಕೇಳಿಸಿತು:

"ಇದರಾಗ ಉದ್ದ ಕೂದ್ಲಿಗೆ ಪರ್ಮಿಷನ್ ಐತಿ. ಬೋಳ ತಲಿಗೆ ಎಲ್ಲೈತಿ?"